ಬಾವಿಗೆ ಹೆಸರು ಕಲಿಸಬಾರದು

ಡಿಸ್ಕಿನ ವಿಷಯಕ್ಕೆ ಬರುವ ಮುಂಚೆ ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ನಾನು ಸಿಡುಕ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ; ನನಗೆ ಮಾತೂ ಬಾರದು, ಜಗಳ ಬಿಡಲೂ ಬಾರದು. ‘ನೀನು ಹೋಗಿರು, ಆದಮೇಲೆ ಕರೆಯುತ್ತೇನೆ’ ಎಂದವರನ್ನು ನಾನು ನಂಬುವುದಿಲ್ಲ. ಟೈಲರ್ ಹಾಗೆಂದರೆ ಅಂಗಡಿಯ ಬೆಂಚಿನ ಮೇಲೆ ಕೂತು, ಕಾಜಾ ಹೊಲಿದು ಮುಗಿಯುವವರೆಗೂ ಅವನ ಕೈಯನ್ನೇ ನೋಡುತ್ತೇನೆ.

1987ರ ಬೇಸಿಗೆ. ಕೋಯಮತ್ತೂರಿನ ಕುರಿಚಿ ಕೈಗಾರಿಕಾ ಎಸ್ಟೇಟಿನ ಕೊನೆಯ ಬೀದಿಯಲ್ಲಿ, ಒಂದು ಫೌಂಡ್ರಿಯ ಗೋಡೆಗೆ ಅಂಟಿಕೊಂಡ ಶೆಡ್ಡಿನಲ್ಲಿ ನಾವು ಕಂಪ್ಯೂಟರ್ ಕಟ್ಟುತ್ತಿದ್ದೆವು. ನಾವು ಎಂದರೆ ಮೂವರು: ಯಜಮಾನರು ಬಾಲಸುಬ್ರಮಣಿಯನ್, ಬೋರ್ಡುಗಳಿಗೆ ಬೆಸುಗೆ ಹಾಕುವ ವಿಜಯಕುಮಾರಿ, ಪ್ರೋಗ್ರಾಂ ಬರೆಯುವ ನಾನು, ನಂಜುಂಡನ್. ವಿಜಯಕುಮಾರಿ ಮೈಸೂರಿನವಳು, ಗಂಡನ ಕೆಲಸಕ್ಕಾಗಿ ಈ ಕಡೆ ಬಂದವಳು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಕನ್ನಡ ಆಡುತ್ತೇವೆ, ಆದರೆ ಬರೆದವರು ಒಬ್ಬರೂ ಇಲ್ಲ. ಈ ಅಕ್ಷರಗಳನ್ನು ನನಗೆ ಕಲಿಸಿದವಳು ಅವಳೇ, ಊಟದ ಬಿಡುವಿನಲ್ಲಿ, ಹಾಳಾದ ಬೋರ್ಡುಗಳ ಹಿಂಭಾಗದಲ್ಲಿ ಬರೆಸಿ. ನನ್ನ ಕನ್ನಡ ಕೇಳಿದರೆ ಅವಳಿಗೆ ಈಗಲೂ ನಗು.

ಯಂತ್ರ ಒಂದು ನೂಲಿನ ಗಿರಣಿಗೆ. ಯಾವ ನೂಲುವ ಚೌಕಟ್ಟಿನಲ್ಲಿ ಎಷ್ಟು ಸಲ ಎಳೆ ಹರಿಯಿತು ಎಂಬುದನ್ನು ಹಗಲೂ ರಾತ್ರಿ ಡಿಸ್ಕಿಗೆ ಬರೆದಿಡಬೇಕು. ಅದರ ಕರ್ನಲ್ ನನ್ನದು, ಬೋರ್ಡಿನ ಚಿಪ್ಪಿನಲ್ಲೇ ಬರೆದಿಟ್ಟದ್ದು. ಕರ್ನಲ್ ಎಂದರೆ ಯಂತ್ರದೊಳಗಿನ ಮನೆಯ ಯಜಮಾನ. ಉಳಿದ ಪ್ರೋಗ್ರಾಂಗಳಿಗೆ ಏನು ಬೇಕಾದರೂ ಅವನನ್ನೇ ಕೇಳಬೇಕು, ಅವನೇ ತಂದುಕೊಡಬೇಕು. ಡಿಸ್ಕಿನ ಜೊತೆ ಮಾತಾಡುವುದೂ ಅವನ ಕೆಲಸವೇ.

ಡಿಸ್ಕ್ ನಿಧಾನದ ಪ್ರಾಣಿ. ‘ಇದನ್ನು ಬರೆದಿಡು’ ಎಂದು ಕೊಟ್ಟರೆ ತಟ್ಟೆ ತಿರುಗಬೇಕು, ತಲೆ ಸರಿಯಬೇಕು, ಸರಿಯಾದ ಜಾಗ ತಲೆಯ ಕೆಳಗೆ ಬರಬೇಕು. ಅಲ್ಲಿಯವರೆಗೆ ಕಾಯಲು ಎರಡು ದಾರಿ. ‘ಮುಗಿದಾಗ ನೀನೇ ಕರೆ’ ಎಂದು ಹೇಳಿ ಬೇರೆ ಕೆಲಸ ನೋಡಿಕೊಳ್ಳುವುದು ಒಂದು, ಅದು ಇಂಟರಪ್ಟ್. ಬಾಗಿಲಲ್ಲೇ ನಿಂತು ‘ಆಯಿತಾ? ಆಯಿತಾ?’ ಎಂದು ಕೇಳುತ್ತಲೇ ಇರುವುದು ಇನ್ನೊಂದು, ಅದು ಪೋಲಿಂಗ್. ತಿಳಿದವರೆಲ್ಲ ಮೊದಲನೆಯದನ್ನೇ ಮಾಡುತ್ತಾರೆ. ನಾನೂ ಮೊದಲು ಹಾಗೆಯೇ ಬರೆದೆ.

ಆದರೆ ಪಕ್ಕದ ಫೌಂಡ್ರಿಯಲ್ಲಿ ಕುಲುಮೆ ಹಚ್ಚಿದಾಗಲೆಲ್ಲ ನಮ್ಮ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಅದೇ ಗಳಿಗೆಗೆ ಕರ್ನಲ್ಲಿಗೆ ಕರೆ ಬರುತ್ತಿತ್ತು: ಮುಗಿಯಿತು, ಬಾ. ಹೋಗಿ ನೋಡಿದರೆ ಡಿಸ್ಕ್ ಕರೆದೇ ಇರುವುದಿಲ್ಲ, ಇನ್ನೂ ಅರ್ಧ ಬರೆಯುತ್ತಾ ಇರುತ್ತದೆ. ಕರೆಯುತ್ತಿದ್ದದ್ದು ಯಾರು? ಕುಲುಮೆಯ ಕಿಡಿ ಎಂದು ಬಾಲಸುಬ್ರಮಣಿಯನ್ ಹೇಳಿದರು. ಇರಬಹುದು. ಆದರೆ ಭಾನುವಾರ ಫೌಂಡ್ರಿ ಮುಚ್ಚಿದ್ದಾಗಲೂ ಎರಡು ಸಲ ಬಂತು. ಮೂರು ವಾರ ನಿದ್ದೆಗೆಟ್ಟು, ಕೊನೆಗೆ ಸಿಟ್ಟಿಗೆದ್ದು, ಕರೆ ಬರುವ ತಂತಿಯನ್ನೇ ಕತ್ತರಿಸಿ ಹಾಕಿದೆ. ಇನ್ನು ಯಾರು ಬೇಕಾದರೂ ಕರೆದುಕೊಳ್ಳಲಿ, ನನಗೆ ಕೇಳಿಸುವುದಿಲ್ಲ. ಕೇಳಬೇಕಾದದ್ದನ್ನು ನಾನೇ ಹೋಗಿ ಕೇಳುತ್ತೇನೆ.

ಯಜಮಾನರು ತಮಿಳಿನಲ್ಲಿ ನಕ್ಕರು. “ಏನಪ್ಪಾ, ಅಡುಗೆಮನೆ ಬಾಗಿಲಲ್ಲಿ ನಿಂತು ‘ಆಚ್ಚಾ, ಆಯ್ತಾ’ ಅನ್ನೋ ಹಸಿದ ಅಳಿಯ ಮಾಪಿಳ್ಳೆ ಥರ ಆಯ್ತು ನಿನ್ ಕರ್ನಲ್!”

“ಇರಲಿ ಸಾರ್. ಹಸಿದವನು ಬಾಗಿಲು ಬಿಟ್ಟು ಹೋಗೋದಿಲ್ಲ,” ಅಂದೆ.

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ನಮ್ಮವ್ವ ಹೇಳುತ್ತಿದ್ದಳು. ಕೇಳುವುದೂ ಹಾಗೆಯೇ ಎಂದು ನಾನು ತಿಳಿದಿದ್ದೆ. ಕೇಳುವವನು ನಾನಾದರೆ ಮೋಸವಿಲ್ಲ. ಹಾಗೆ ತಿಳಿಯಲು ಬೇರೆ ಕಾರಣವೂ ಇತ್ತು, ಅದನ್ನು ಹೇಳದೆ ಮುಂದೆ ಹೋಗಲಾಗದು.

ನಮ್ಮೂರು ಕಿಣತ್ತುಕಡವಿನಿಂದ ಮೂರು ಮೈಲಿ. ತೋಟದ ಬಾವಿ ನೂರಿಪ್ಪತ್ತು ಅಡಿ, ಬಂಡೆಯಲ್ಲಿ ಕಡಿದದ್ದು. ತಳದಲ್ಲಿ ಮೂಡಲಿಗೆ ಒಂದು ಗವಿ ಇದೆ. ನೀರಿನ ಕಣ್ಣು ಹುಡುಕುತ್ತಾ ಅಜ್ಜನ ಕಾಲದಲ್ಲಿ ಒಡೆದದ್ದು. ಅಲ್ಲಿ ಕೆಲಸ ಮಾಡುವವನು ಮೇಲಿನವರಿಗೆ ಕಾಣಿಸುವುದಿಲ್ಲ. ಅದಕ್ಕಾಗಿ ನಮ್ಮ ಕಡೆ ಒಂದು ಕಟ್ಟಳೆ. ಮೇಲೆ ಕೂತವನು ಆಗಾಗ ‘ಓ’ ಎಂದು ಉದ್ದಕ್ಕೆ ಕೂಗಬೇಕು, ಕೆಳಗಿನವನು ‘ಓ’ ಎಂದು ಉದ್ದಕ್ಕೆ ಅನ್ನಬೇಕು. ಅಷ್ಟೇ, ಬೇರೆ ಮಾತಿಲ್ಲ. ಹೆಸರನ್ನಂತೂ ಹಿಡಿಯಲೇಬಾರದು. ಬಾವಿಗೆ ಹೆಸರು ಕಲಿಸಬಾರದು ಎಂದು ಹಿರಿಯರು ಹೇಳುತ್ತಿದ್ದರು. ಒಮ್ಮೆ ಕಲಿತರೆ ಆಮೇಲೆ ಅದೇ ಕರೆಯುತ್ತದಂತೆ.

1978ರ ಚಿತ್ರಿ ಮಾಸದ ಬಿರುಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಬೇಕಾಯಿತು. ಆಯಿಲ್ ಎಂಜಿನ್ನನ್ನು ಬಾವಿಯೊಳಗಿನ ಕಟ್ಟೆಯ ಮೇಲಿಟ್ಟು ರಾತ್ರಿಯೆಲ್ಲ ನೀರು ಎತ್ತಿದರು. ಬೆಳಿಗ್ಗೆ ಲಾಂದ್ರ ಇಳಿಸಿ ನೋಡಿದರು, ಆರಲಿಲ್ಲ. ಗಾಳಿ ಸರಿಯಾಗಿದೆ ಎಂದು ನನ್ನ ಅಣ್ಣ ಕುಪ್ಪುಸಾಮಿ ಇಳಿದ. ಮೊದಲು ಗವಿಯ ಹೂಳನ್ನೆಲ್ಲ ಗುಡ್ಡೆ ಹಾಕುವುದು, ಮಧ್ಯಾಹ್ನ ಆಳುಗಳು ಬಂದ ಮೇಲೆ ಬುಟ್ಟಿಯಲ್ಲಿ ಎತ್ತುವುದು ಎಂದು ಲೆಕ್ಕ. ಮೇಲೆ ಕೂಗಲು ನಾನು. ಆಗ ನನಗೆ ಹತ್ತೊಂಬತ್ತು ವಯಸ್ಸು. ಹತ್ತು ಗಂಟೆಯಿಂದ ಒಂದೂವರೆಯವರೆಗೆ ಕೂಗಿದೆ. ಪ್ರತಿ ಸಲವೂ ‘ಓ’ ಬಂತು. ನಡುವೆ ಹನ್ನೊಂದೂವರೆಗೆ ಅತ್ತಿಗೆ ಜಾನಮ್ಮ ಊಟ ತಂದಳು, ಬಡಿಸಿ, ಹನ್ನೆರಡು ದಾಟಿದ ಮೇಲೆ ಹೋದಳು. ಒಂದೂವರೆಗೆ ಆಳುಗಳು ಬಂದು ಬುಟ್ಟಿ ಇಳಿಸಿದಾಗ ಅದನ್ನು ಹಿಡಿಯಲು ಯಾರೂ ಬರಲಿಲ್ಲ. ಇಳಿದು ನೋಡಿದರೆ ಅಣ್ಣ ಗವಿಯಲ್ಲಿ ಮಗ್ಗುಲಾಗಿ ಮಲಗಿದ್ದ, ತಣ್ಣಗೆ.

ಎಂಜಿನ್ನಿನ ಹೊಗೆ ಕೆಳಗೆ ನಿಂತಿತ್ತು ಎಂದರು ಪೊಳ್ಳಾಚಿಯ ಡಾಕ್ಟರು. ಅದಕ್ಕೆ ವಾಸನೆಯಿಲ್ಲ, ದೀಪವೂ ಆರುವುದಿಲ್ಲ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು: ಹನ್ನೆರಡಕ್ಕೆ ಮುಂಚೆಯೇ ಜೀವ ಹೋಗಿದೆ.

ಹಾಗಾದರೆ ಒಂದೂವರೆಯವರೆಗೆ ಓ ಅಂದವರು ಯಾರು?

ಊರಿಗೆ ಉತ್ತರ ಸುಲಭವಾಗಿತ್ತು. ಹುಡುಗ ಕೂಗಲೇ ಇಲ್ಲ, ಮರದಡಿ ಮಲಗಿದ್ದ, ಈಗ ಸುಳ್ಳು ಹೇಳುತ್ತಾನೆ. ನಮ್ಮವ್ವ ಸಾಯುವವರೆಗೂ ಹಾಗೆಯೇ ನಂಬಿದ್ದಳು. ನನ್ನ ಪರ ನಿಂತವಳು ಅತ್ತಿಗೆ ಒಬ್ಬಳೇ. ಇಪ್ಪತ್ತೆರಡು ವರ್ಷದ ಹೆಣ್ಣು, ತಾಳಿ ತೆಗೆದ ಮೂರನೇ ದಿನ, ಪಂಚಾಯಿತಿಯ ಮುಂದೆ ಎದ್ದು ನಿಂತು ಹೇಳಿದಳು:

“ನಾನೂ ಅಲ್ಲೇ ಇದ್ದೆ. ಓ ಅಂದುದ್ದು ನನ್ ಕಿವೀಲೇ ಕೇಳುದೆ. ಆ ಹುಡುಗುನ್ನ ಯಾರೂ ಬಯ್ಬೇಡಿ.”

ಅವಳು ಕೇಳಿದ್ದೇನೆ ಎಂದಮೇಲೆ ಊರು ಇನ್ನೊಂದು ಉತ್ತರ ಹುಡುಕಿತು. ಸತ್ತ ಮೇಲೂ ಕುಪ್ಪುಸಾಮಿಯೇ ಓ ಅಂದಿದ್ದಾನೆ, ಅವನು ಇನ್ನೂ ಬಾವಿಯಲ್ಲಿದ್ದಾನೆ. ಅತ್ತಿಗೆ ಅದನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆದರೆ ಪ್ರತಿ ಅಮಾವಾಸ್ಯೆ, ಉಚ್ಚಿ ಹೊತ್ತಿಗೆ, ನೆರಳು ಕಾಲಡಿಗೆ ಬಂದಾಗ, ಬಾವಿಯ ಕಟ್ಟೆಯ ಮೇಲೆ ನಿಂತು ‘ಓ’ ಎಂದು ಕೂಗುತ್ತಿದ್ದಳು. ಬಾವಿ ‘ಓ’ ಅನ್ನುತ್ತಿತ್ತು. ತವರಿನವರು ಕರೆಯಲು ಬಂದರೆ ಹೋಗಲಿಲ್ಲ. ಆ ಬಾವಿಯ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ತೋಟಕ್ಕೆ ಬೇರೆ ಬೋರ್ ಹಾಕಿಸಿದರು. ನಾನು ಒಂದು ಸಲ, ಒಂದೇ ಸಲ, ಅವಳು ಕೂಗುವಾಗ ದೂರದಲ್ಲಿ ನಿಂತಿದ್ದೆ. ಕೆಳಗಿನಿಂದ ಬಂದ ದನಿಗೆ ಮೈಯ ಕೂದಲೆಲ್ಲ ನಿಂತಿತು. ಅದೇ ‘ಓ’. ಅವತ್ತು ನಾನು ಕೇಳಿದ್ದದ್ದು.

“ಮಳೆಗಾಲದಲ್ಲಿ ಮಾತ್ರ ಅವರು ಮಾತಾಡೋದಿಲ್ಲ ತಂಬಿ. ಮುನಿಸ್ಕೊಂಡು ಇರ್ತಾರೆ,” ಎಂದು ಅವಳು ಹೇಳಿದ್ದಳು.

ಆ ಮೇಲೆ ನಾನು ಬಾವಿಯ ಹತ್ತಿರ ಹೋಗಲಿಲ್ಲ. ಕೋಯಮತ್ತೂರಿನ ಪಾಲಿಟೆಕ್ನಿಕ್ ಸೇರಿದೆ, ಕುರಿಚಿಯಲ್ಲಿ ಕೋಣೆ ಹಿಡಿದೆ. ರಾತ್ರಿ ಬೀದಿಯಲ್ಲಿ ಯಾರಾದರೂ ಯಾರನ್ನಾದರೂ ಕೂಗಿದರೂ ಎದ್ದು ಕೂರುತ್ತಿದ್ದೆ.

ಈಗ ಶೆಡ್ಡಿಗೆ ಬರೋಣ. ಪೋಲಿಂಗ್ ಹಾಕಿದ ಮೇಲೆ ಯಂತ್ರ ಹಸುವಿನಂತೆ ಸಾಧುವಾಯಿತು. ಶನಿವಾರ ಬೆಳಿಗ್ಗೆ ದೊಡ್ಡ ಪರೀಕ್ಷೆ ಶುರು ಮಾಡಿದೆ. ಮೂರು ದಿನ ನಿಲ್ಲಿಸದೆ ಬರೆಯುವುದು. ಕರ್ನಲ್ ಕೇಳುತ್ತದೆ: ಸಿದ್ಧವಾ? ಸಿದ್ಧ. ಇದನ್ನು ಬರೆ. ಆಯಿತಾ? ಆಯಿತು. ಪ್ರತಿಯೊಂದಕ್ಕೂ ಪರದೆಯ ಮೇಲೆ ಒಂದು ಚುಕ್ಕಿ. ಒಂದು ತಪ್ಪೂ ಇಲ್ಲ. ಅಷ್ಟೇ ಅಲ್ಲ, ಹಿಂದಿಗಿಂತ ಹತ್ತು ಪಟ್ಟು ವೇಗ. ನನ್ನ ಕೈಗುಣ ಎಂದುಕೊಂಡೆ. ಯಜಮಾನರ ಮುಂದೆ ಸ್ವಲ್ಪ ಜಂಬವನ್ನೂ ಕೊಚ್ಚಿದೆ.

ಸೋಮವಾರ ಹತ್ತೂವರೆಗೆ, ಎರಡು ದಿನ ರಜೆ ಹಾಕಿದ್ದ ವಿಜಯಕುಮಾರಿ ಬಂದಳು. ಬ್ಯಾಗ್ ಇಟ್ಟು ಪರದೆ ನೋಡಿದಳು. ನೋಡುತ್ತಾ ಅಲ್ಲೇ ನಿಂತಳು.

“ಇದು ಎಲ್ಲಿಗೆ ಬರೀತಾ ಇದೆ?”

“ಇನ್ನೆಲ್ಲಿಗೆ? ಡಿಸ್ಕಿಗೆ.”

“ಯಾವ ಡಿಸ್ಕಿಗೆ?”

ನನಗೆ ರೇಗಿತು. “ನಮ್ಮಲ್ಲಿ ಎಷ್ಟು ಇದೆ? ಒಂದೇ ತಾನೆ?”

ಅವಳು ಹೋಗಿ ಬೀರು ತೆರೆದಳು. ಕೆಳಗಿನ ಖಾನೆಯಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ, ಡಿಸ್ಕೂ ಅದರ ಕಾರ್ಡೂ ಮಲಗಿದ್ದವು. ಶುಕ್ರವಾರ ಸಂಜೆ, ಬೆಸುಗೆ ಬಿಟ್ಟಿದೆಯೆಂದು ಎರಡನ್ನೂ ಬಿಚ್ಚಿ ಒಳಗಿಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿ ಹೋಗಿದ್ದಳು. ನನಗೆ ಹೇಳಲು ಮರೆತಿದ್ದಳು. ಫೌಂಡ್ರಿಯ ಗದ್ದಲದಲ್ಲಿ ಡಿಸ್ಕ್ ತಿರುಗುವ ಸದ್ದು ಇಲ್ಲದ್ದು ನನಗೂ ಗೊತ್ತಾಗಿರಲಿಲ್ಲ.

ಪರದೆಯ ಮೇಲೆ ಚುಕ್ಕಿಗಳು ಬೀಳುತ್ತಲೇ ಇದ್ದವು. ಸಿದ್ಧವಾ? ಸಿದ್ಧ. ಆಯಿತಾ? ಆಯಿತು.

“ನಂಜುಂಡನ್, ಯಾರು ಉತ್ತರ ಕೊಡ್ತಾ ಇದ್ದಾರೆ?” ಎಂದು ಅವಳು ಮೆಲ್ಲಗೆ ಕೇಳಿದಳು. ನಗುತ್ತಿರಲಿಲ್ಲ.

ನಾನು ಮುಚ್ಚಳ ತೆಗೆದೆ. ಕಾರ್ಡ್ ಇರಬೇಕಾದ ಜಾಗ ಖಾಲಿ, ಚಿನ್ನದ ಬಣ್ಣದ ಹಲ್ಲುಗಳು ಮಾತ್ರ. ಬರೆದದ್ದನ್ನು ಓದಿ ತೋರಿಸು ಎಂದು ಕೇಳಿದೆ. ಪರದೆ ತುಂಬಾ ಒಂದೇ ಅಕ್ಷರ ಬಂತು, ಸಾಲು ಸಾಲು, ಎಲ್ಲ ಒಂದು, ಎಲ್ಲ ಹೌದು. ಕಾರಣ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಆ ತಂತಿಗಳ ಆ ತುದಿಯಲ್ಲಿ ಯಾರಾದರೂ ಇದ್ದರೆ ಅವರು ತಂತಿಯನ್ನು ಕೆಳಗೆ ಎಳೆಯುತ್ತಾರೆ, ಅದು ಸೊನ್ನೆ, ಅದು ‘ಇಲ್ಲ’. ಯಾರೂ ಇಲ್ಲದಿದ್ದರೆ ಎಳೆಯುವವರಿಲ್ಲ. ತಂತಿ ತನ್ನಷ್ಟಕ್ಕೆ ಮೇಲೆಯೇ ನಿಲ್ಲುತ್ತದೆ, ಅದು ಒಂದು, ಅದು ‘ಹೌದು’. ನಾನೋ ಒಂದೇ ಒಂದು ಗುರುತು ನೋಡುತ್ತಿದ್ದೆ, ಸಿದ್ಧ ಎಂಬುದನ್ನು. ಇಲ್ಲದವನಷ್ಟು ಬೇಗ ಹೌದೆನ್ನುವವನು ಇನ್ನೊಬ್ಬನಿಲ್ಲ. ಆ ಹತ್ತು ಪಟ್ಟು ವೇಗ ಅದರದ್ದು.

“ಮತ್ತೆ ಹೇಗೆ ಕೇಳಬೇಕು?” ಅಂದಳು ವಿಜಯಕುಮಾರಿ.

“ಇದ್ದೀಯಾ ಅಂತ ಕೇಳಬಾರದು. ಅದು ಇದ್ದರೆ ಮಾತ್ರ ಅದಕ್ಕೆ ಗೊತ್ತಿರೋದು ಏನಾದ್ರೂ ಇರುತ್ತಲ್ಲ, ತಟ್ಟೆ ಮೇಲೆ ಎಲ್ಲಿದ್ದೀಯಾ, ಎಷ್ಟನೇ ಸುತ್ತು, ಅದನ್ನ ಕೇಳಬೇಕು. ಹೌದು ಅಂದ್ರೆ ಸಾಲದು, ಸರಿಯಾದ…”

ಮಾತು ಅಲ್ಲೇ ನಿಂತುಹೋಯಿತು.

ಮಳೆಗಾಲದಲ್ಲಿ ಮುನಿಸಿಕೊಂಡಿರುತ್ತಾರೆ. ಮಳೆಗಾಲದಲ್ಲಿ ಗವಿ ನೀರಿನಲ್ಲಿ ಮುಳುಗಿರುತ್ತದೆ. ನೀರು ಇಳಿದು ಗವಿ ಬಾಯಿ ತೆರೆದಾಗ ಮಾತ್ರ ಬಾವಿ ಓ ಅನ್ನುತ್ತದೆ. ನಾವು ಓ ಎಂದು ಕೂಗುತ್ತೇವೆ, ಓ ಎಂದೇ ಉತ್ತರ ಬೇಕೆನ್ನುತ್ತೇವೆ. ಹೆಸರು ಹಿಡಿಯುವುದಿಲ್ಲ, ಏನನ್ನೂ ಕೇಳುವುದಿಲ್ಲ. ಅಣ್ಣ ಬಿದ್ದ ಮೇಲೂ, ಒಂದೂವರೆಯವರೆಗೆ, ನಾನು ಕಲ್ಲಿನ ಜೊತೆ ಮಾತಾಡಿದ್ದೆ.

ನನಗೆ ಮೊದಲು ಬಂದದ್ದು ಸಮಾಧಾನ, ನಾಚಿಕೆಯಾದರೂ ಹೇಳುತ್ತೇನೆ. ಒಂಬತ್ತು ವರ್ಷದ ಮೇಲೆ ನನಗೆ ಒಂದು ಸಾಕ್ಷಿ ಸಿಕ್ಕಿತ್ತು. ಎರಡನೆಯದಾಗಿ ನೆನಪಾದದ್ದು ಜೇಬಿನಲ್ಲಿದ್ದ ಅಂಚೆ ಕಾರ್ಡು. ತೋಟ ನೋಡಿಕೊಳ್ಳುವ ಸುಬ್ಬಯ್ಯನ್ ಮಾಮ ಬರೆಸಿದ್ದು: ಬೋರ್ ಬತ್ತಿದೆ, ಹಳೇ ಬಾವಿಯ ಹೂಳು ತೆಗೆಸುತ್ತಿದ್ದೇವೆ, ಅತ್ತಿಗೆಯ ತಮ್ಮ ಮೈಲ್‌ಸಾಮಿ ಇಳಿಯುತ್ತಾನೆ, ಸೋಮವಾರ ಬಾ. ಬರುವುದಿಲ್ಲ ಎಂದು ಅದೇ ವಾರ ಉತ್ತರ ಹಾಕಿದ್ದೆ. ಆ ಸೋಮವಾರ ಇದೇ.

ವಿಜಯಕುಮಾರಿಗೆ ಏನು ಹೇಳಿದೆನೋ ನೆನಪಿಲ್ಲ. ಪೊಳ್ಳಾಚಿ ರಸ್ತೆಗೆ ಓಡಿ, ನಿಲ್ಲಿಸದ ಬಸ್ಸಿಗೆ ಅಡ್ಡ ನಿಂತು ಹತ್ತಿದೆ. ಡ್ರೈವರ್ ನಮ್ಮ ಮನೆತನವನ್ನೆಲ್ಲ ಜಾಲಾಡಿದ. ನಾನು ಬಾಯಿ ಬಿಡಲಿಲ್ಲ. ನನ್ನ ಜನ್ಮದಲ್ಲಿ ಅದೊಂದು ಸಲ. ಕಿಣತ್ತುಕಡವಿನಲ್ಲಿ ಟೊಮೇಟೊ ಹೇರಿಕೊಂಡು ಬಂದಿದ್ದ ಒಬ್ಬನ ಸೈಕಲ್ ಕಸಿದುಕೊಂಡೇ ಹೋದೆ ಅನ್ನಬೇಕು.

ತೋಟ ತಲುಪಿದಾಗ ಹನ್ನೆರಡಾಗಿತ್ತು. ಬೇವಿನ ಮರದಡಿ ಸುಬ್ಬಯ್ಯನ್ ಮಾಮ ಮೂರು ಆಳುಗಳ ಜೊತೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಈ ಸಲವೂ ರಾತ್ರಿ ಎಂಜಿನ್ನನ್ನು ಬಾವಿಯೊಳಗೇ ಇಟ್ಟು ನೀರು ಎತ್ತಿದ್ದರು, ಬೆಳಗಾಗುವಷ್ಟರಲ್ಲಿ ಹೊಗೆ ಹೋಗಿರುತ್ತದೆ ಎಂದುಕೊಂಡಿದ್ದರು. ಹಗ್ಗ ರಾಟೆಯ ಮೇಲಿಂದ ಬಾವಿಯೊಳಗೆ ಸಡಿಲವಾಗಿ ಇಳಿದಿತ್ತು. ಅಣ್ಣನಿಗೆ ಹಗ್ಗ ಕಟ್ಟಿರಲಿಲ್ಲ. ಮೈಲ್‌ಸಾಮಿಯ ಸೊಂಟಕ್ಕೆ ಮಾಮ ಹಟ ಹಿಡಿದು ಕಟ್ಟಿಸಿದ್ದ. ಕಟ್ಟೆಯ ಮೇಲೆ, ಬಿಸಿಲಲ್ಲಿ, ಅತ್ತಿಗೆ. ಬೇರೆ ಯಾರಿಗೂ ಕೂಗಲು ಬಿಟ್ಟಿರಲಿಲ್ಲವಂತೆ.

“ಓ…” ಅಂದಳು.

“ಓ…” ಎಂದು ಬಂತು.

ನನ್ನನ್ನು ನೋಡಿ ಅವಳ ಮುಖ ಅರಳಿತು. ಆ ಮುಖವನ್ನು ನಾನು ಅಷ್ಟು ಸಂತೋಷವಾಗಿ ಯಾವತ್ತೂ ನೋಡಿರಲಿಲ್ಲ. “ಬಂದ್ಯಾ ತಂಬಿ! ಚೆನ್ನಾಗವ್ನೆ, ಭಯ ಬೇಡ. ಬೆಳಿಗ್ಗೆಯಿಂದ ಎರಡೆರಡು ಓ ಬರ್ತಾ ಇತ್ತು, ನಿಜವಾಗ್ಲೂ. ಮೈಲ್‌ಸಾಮೀದೊಂದು, ಅದರ ಹಿಂದೆ ನಿಮ್ಮಣ್ಣಂದೊಂದು. ಕಾವಲು ಇದಾರೆ.”

“ಈಗಲೂ ಎರಡು ಬರ್ತಾ ಇದೆಯಾ?”

“ಈಗ ಸ್ವಲ್ಪ ಹೊತ್ತಿಂದ ಒಂದೇ ಬರ್ತಾ ಅದೆ.”

“ಯಾವುದು ಅತ್ತಿಗೆ?”

ಅವಳು ಬಾಯಿ ತೆರೆದಳು. ಆ ಬಿಸಿಲಲ್ಲಿ ಅವಳ ಕೈ ಮೇಲಿನ ರೋಮ ಏಳುವುದನ್ನು ಕಣ್ಣಾರೆ ಕಂಡೆ.

ನಾನು ಕಟ್ಟೆಯ ಮೇಲೆ ಬಗ್ಗಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ: “ಮೈಲ್‌ಸಾಮೀ! ನಿನ್ ಮಗಳ್ ಹೆಸ್ರೇನು?”

ಅತ್ತಿಗೆ ಹಿಂದಿನಿಂದ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. “ಪೇರ್ ಸೊಲ್ಲಾದೇ, ಹೆಸರು ಹೇಳಬೇಡ!” ಎಂದು ಮಾಮ ಮರದಡಿಯಿಂದ ಅರಚಿದ. ಅಷ್ಟರಲ್ಲಿ ಕೆಳಗಿನ ಕತ್ತಲಿನಿಂದ, ತಡೆದು, ನನ್ನದೇ ದನಿಯಂತಿದ್ದ ದನಿಯೊಂದು ಮೇಲೆ ಬಂತು.

“…ಏನು?”

ಮತ್ತೆ ಕೂಗಿದೆ. ಮತ್ತೆ “…ಏನು?” ಮಲ್ಲಿಗಾ ಎಂದು ಯಾರೂ ಹೇಳಲಿಲ್ಲ. ಆ ಹೆಸರಿನ ಮಗುವಿಗಾಗಿ ಜೀವ ಬಿಡುವ ಮನುಷ್ಯ ಅವನು.

“ಎಳೀರಿ!” ಅಂದೆ. ಆಳುಗಳಿಗೆ ಅರ್ಥವಾಗಲಿಲ್ಲ, ಅತ್ತಿಗೆಗೆ ಆಯಿತು. ಎಲ್ಲರಿಗಿಂತ ಮೊದಲು ಹಗ್ಗಕ್ಕೆ ಕೈ ಹಾಕಿದವಳು ಅವಳೇ. ಆರು ಜನ ಎಳೆದೆವು. ಮೈಲ್‌ಸಾಮಿ ಅಕ್ಕಿಯ ಮೂಟೆಯ ಹಾಗೆ ತಲೆ ಜೋತಾಡಿಸಿಕೊಂಡು ಬೆಳಕಿಗೆ ಬಂದ. ತುಟಿ ಕೆಂಪಗಾಗಿತ್ತು. ನೆಲದ ಮೇಲೆ ಮಲಗಿಸಿ ಎದೆ ಒತ್ತಿದೆವು, ಮುಖಕ್ಕೆ ಗಾಳಿ ಬೀಸಿದೆವು. ಮೂಗಿನ ಹತ್ತಿರ ಕೈಯಿಟ್ಟು, ಉಸಿರಿದೆ ಎಂದು ಮಾಮ ಅತ್ತುಬಿಟ್ಟ. ಟೊಮೇಟೊ ಲಾರಿಯೊಂದರಲ್ಲಿ ಹಾಕಿಕೊಂಡು ಪೊಳ್ಳಾಚಿಗೆ ಹೋದೆವು.

ಇನ್ನು ಹತ್ತು ನಿಮಿಷ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರು ಆಸ್ಪತ್ರೆಯಲ್ಲಿ. ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದರು. ನಾಲ್ಕು ಗಂಟೆಗೆ ಕಣ್ಣು ಬಿಟ್ಟು ಅಕ್ಕನನ್ನು ಗುರುತು ಹಿಡಿದ. ನಾವಿಬ್ಬರೂ ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತೆವು. ಅವಳ ಅಂಗೈಗಳು ಹಗ್ಗಕ್ಕೆ ಸಿಕ್ಕಿ ಸುಲಿದಿದ್ದವು.

ನಾನು ಎಲ್ಲ ಹೇಳಿದೆ. ಬೀರುವಿನಲ್ಲಿದ್ದ ಡಿಸ್ಕು, ಖಾಲಿ ಜಾಗದಿಂದ ಬಂದ ಹೌದು, ಗವಿ, ಮಳೆಗಾಲ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೂ ನಡುವೆ ಒಂದು ಸಲವೂ ಅರ್ಥವಾಗಲಿಲ್ಲ ಅನ್ನಲಿಲ್ಲ. ನನಗೆ ಭಯವಾಗುತ್ತಿತ್ತು. ಒಂಬತ್ತು ವರ್ಷ ಅಮಾವಾಸ್ಯೆಗೊಮ್ಮೆ ಗಂಡನ ದನಿ ಕೇಳಿಕೊಂಡು ಬದುಕಿದವಳು; ಅವಳ ಗಂಡನನ್ನು ನಾನು ಇವತ್ತು ಎರಡನೇ ಸಲ ಕೊಲ್ಲುತ್ತಿದ್ದೆ.

“ಹಂಗಾದ್ರೆ ಅವತ್ತಿಂದೂ ಬಾವೀದೇ,” ಅಂದಳು ಕೊನೆಗೆ.

“ಆಮಾ ಅತ್ತಿಗೆ.”

“ಎಲ್ಲಾನೂವಾ?”

ಹೌದು ಎಂದುಬಿಡಬಹುದಿತ್ತು. ಆ ಮಾತು ಎಷ್ಟು ಸುಲಭವೆಂದು ಅವತ್ತೇ ಬೆಳಿಗ್ಗೆ ನೋಡಿದ್ದೆ. ಆದರೆ ಬಸ್ಸಿನಲ್ಲಿ ಕೂತಾಗಿನಿಂದ ಒಂದು ವಿಷಯ ನನ್ನ ಎದೆಯನ್ನು ಕೊರೆಯುತ್ತಿತ್ತು. ಬಾವಿ ನಾವು ಅಂದದ್ದನ್ನೇ ಅನ್ನುತ್ತದೆ. ನಾವು ಅನ್ನದಿದ್ದರೆ ಸುಮ್ಮನಿರುತ್ತದೆ. ಬಾವಿ ತಾನಾಗಿ ಮೊದಲು ಕೂಗುವುದಿಲ್ಲ.

“ಎಲ್ಲಾ ಅಲ್ಲ,” ಅಂದೆ. “ಒಂದು ಇತ್ತು. ಇದನ್ನ ಯಾರಿಗೂ ಹೇಳಿಲ್ಲ. ಅವತ್ತು ಒಂದು ಓ ನಾನು ಕೂಗದೆ ಬಂತು ಅತ್ತಿಗೆ. ನಾನು ಕೂಗೇ ಇರಲಿಲ್ಲ. ಅದು ಅಣ್ಣ. ಅವನು ನನ್ನ ಕರೆದಿದ್ದು…”

ಇಪ್ಪತ್ತೆಂಟು ವರ್ಷದ ಗಂಡಸು, ಆಸ್ಪತ್ರೆಯ ವರಾಂಡದಲ್ಲಿ, ಮಗುವಿನಂತೆ ಅಳುತ್ತಿದ್ದೆ. ಆ ಓ ಬಂದಾಗ ನಾನು ಬೇಜಾರಿನಿಂದ ತಿರುಗಿ ‘ಓ’ ಅಂದಿದ್ದೆ. ಒಂದು ಸಲ ಕೂಗುವುದು ಉಳಿಯಿತು ಎಂದುಕೊಂಡಿದ್ದೆ.

“ನೀನ್ ಉಣ್ತಾ ಇದ್ದೆ,” ಅಂದಳು ಅತ್ತಿಗೆ.

ನಾನು ತಲೆ ಎತ್ತಿದೆ.

“ನಾನ್ ಮಜ್ಜಿಗೆ ಬಿಡ್ತಾ ಇದ್ದೆ. ಓ ಅಂತ ಬಂತು. ನೀನ್ ಕೂಗಿರ್ಲಿಲ್ಲ, ನಂಗ್ ಗೊತ್ತು, ಬಾಯಲ್ಲಿ ಅನ್ನ ಇತ್ತು. ನೀನ್ ಕೂತಲ್ಲೇ ಓ ಅಂದು, ಎಲೆ ಮುಂದಿಂದ ಏಳಕ್ಕೆ ಹೋದೆ. ‘ಅವರೇ ಓ ಅಂದ್ರಲ್ಲ, ಚೆನ್ನಾಗೇ ಅವ್ರೆ, ಉಂಡು ಏಳು’ ಅಂತ ನಿನ್ ಕೈ ಹಿಡ್ದು ಕೂರಿಸ್ದೋಳು ನಾನು.”

ಎದ್ದದ್ದು ನನಗೆ ನೆನಪಿರಲಿಲ್ಲ. ಕೂರಿಸಿದ ಕೈಯೂ ನೆನಪಿರಲಿಲ್ಲ. ನನ್ನ ಸೋಮಾರಿತನವೊಂದೇ ನೆನಪಿತ್ತು, ಅದನ್ನೇ ಒಂಬತ್ತು ವರ್ಷ ಹೊತ್ತಿದ್ದೆ.

“ಮನೆಗೆ ಹೋಗಿ ಪಾತ್ರೆ ತೊಳೀತಾ ಕೂತಾಗ ಅನ್ನುಸ್ತು,” ಅಂದಳು. “ಅವರ್ಯಾಕೆ ಓ ಅಂದ್ರು ಅಂತ. ತಿರುಗಿ ಬರೋ ಹೊತ್ಗೆ ಜನ ಸೇರಿದ್ರು.”

“ಮತ್ತೆ ಅಮಾವಾಸ್ಯೆ ಅಮಾವಾಸ್ಯೆಗೆ ಯಾಕೆ ಅತ್ತಿಗೆ ಅವನನ್ನ ಕರೀತಿದ್ದೆ?”

ಅವಳು ಸುಲಿದ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಳು.

“ಕರೀತಾ ಇರ್ಲಿಲ್ಲ ತಂಬಿ,” ಅಂದಳು. “ಓಗೊಡ್ತಾ ಇದ್ದೆ.”

ಒಳಗೆ ಮೈಲ್‌ಸಾಮಿ ಕೆಮ್ಮಿದ. ಇಬ್ಬರೂ ಒಟ್ಟಿಗೇ ಎದ್ದು ಒಳಗೆ ಓಡಿದೆವು.